ಗುದ್ದಿದವನಿಗೆ ದಂಡ ಎಷ್ಟು? ಸಿಲ್ವರ್‌ಸ್ಟೋನ್ 2021ರ ಪರ-ವಿರೋಧ

ಫಾರ್ಮುಲಾ 1 ನೋಡುವ ನಾಲ್ಕು ಜನ ಒಂದು ಕಡೆ ಸೇರಿದರೆ ಸಾಕು, ಈ ಜಗಳ ಈಗಲೂ ಶುರುವಾಗುತ್ತದೆ. 2021ರ ಜುಲೈ 18, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಬ್ರಿಟಿಷ್ ಗ್ರ್ಯಾನ್ ಪ್ರಿ. ಮೊದಲ ಲ್ಯಾಪ್ (ಸುತ್ತು) ಮುಗಿಯುವ ಮೊದಲೇ ಒಂಬತ್ತನೇ ತಿರುವು ಕಾಪ್ಸ್‌ನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅವರ ಮರ್ಸಿಡಿಸ್‌ನ ಎಡ ಮುಂಚಕ್ರ, ಮ್ಯಾಕ್ಸ್ ವರ್ಸ್ಟಾಪನ್ ಅವರ ರೆಡ್ ಬುಲ್‌ನ ಬಲ ಹಿಂಚಕ್ರಕ್ಕೆ ತಗುಲಿತು. ರೆಡ್ ಬುಲ್ ಕಾರು ಜಲ್ಲಿ ದಾಟಿ ಟೈರ್ ಗೋಡೆಗೆ ಅಪ್ಪಳಿಸಿತು. ಪೆಟ್ಟಿನ ಬಲ 51ಜಿ, ಅಂದರೆ ಭೂಮಿಯ ಗುರುತ್ವದ 51 ಪಟ್ಟು. ವರ್ಸ್ಟಾಪನ್ ತಾವೇ ಹೊರಗೆ ಬಂದರು, ಆದರೆ ತಪಾಸಣೆಗೆ ಕೋವೆಂಟ್ರಿಯ ಆಸ್ಪತ್ರೆಗೆ ಹೋಗಬೇಕಾಯಿತು. ತಪ್ಪು ಹೆಚ್ಚಾಗಿ ಹ್ಯಾಮಿಲ್ಟನ್ ಅವರದೇ ಎಂದು ಸ್ಟೀವರ್ಡ್‌ಗಳು, ಅಂದರೆ ರೇಸ್‌ನ ತೀರ್ಪುಗಾರರು, ತೀರ್ಮಾನಿಸಿದರು. 10 ಸೆಕೆಂಡ್ ದಂಡ, ಲೈಸೆನ್ಸ್ ಮೇಲೆ 2 ಪೆನಾಲ್ಟಿ ಪಾಯಿಂಟ್. ದಂಡ ತೀರಿಸಿದ ಹ್ಯಾಮಿಲ್ಟನ್ ರೇಸನ್ನೇ ಗೆದ್ದರು. ಚಾಂಪಿಯನ್‌ಶಿಪ್ ಪಟ್ಟಿಯಲ್ಲಿ ಬೆಳಿಗ್ಗೆ 33 ಪಾಯಿಂಟ್ ಇದ್ದ ವರ್ಸ್ಟಾಪನ್ ಮುನ್ನಡೆ ಸಂಜೆಗೆ 8ಕ್ಕೆ ಇಳಿಯಿತು.

ಆಗ ಸ್ಟೀವರ್ಡ್‌ಗಳು ನೋಡುತ್ತಿದ್ದದ್ದು ಚಾಲಕ ಮಾಡಿದ ತಪ್ಪನ್ನು ಮಾತ್ರ, ಅದರಿಂದ ಆದ ನಷ್ಟವನ್ನಲ್ಲ. ಅಂದಿನ ರೇಸ್ ಡೈರೆಕ್ಟರ್ ಮೈಕಲ್ ಮಾಸಿ ಕೂಡ ಆವತ್ತು ಇದನ್ನೇ ಹೇಳಿದರು. ಹೀಗಾಗಿ ಇಲ್ಲಿನ ಪ್ರಶ್ನೆ ಒಂದೇ: ದಂಡ ಹಾಕುವಾಗ ಆದ ನಷ್ಟವನ್ನೂ ತೂಗಬೇಕಾ, ಬೇಡವಾ?

ಪರ: ನಷ್ಟವನ್ನೂ ತೂಗಲೇಬೇಕು

ಮೊದಲು ಆ ಮೊದಲ ಲ್ಯಾಪನ್ನು ಸರಿಯಾಗಿ ನೋಡೋಣ. ಪೋಲ್‌ನಲ್ಲಿ, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಲ್ಲಿ ವರ್ಸ್ಟಾಪನ್, ಪಕ್ಕದಲ್ಲಿ ಹ್ಯಾಮಿಲ್ಟನ್. ದೀಪ ಆರಿದ್ದೇ ತಡ, ಅಬ್ಬಿ ತಿರುವಿನಲ್ಲೇ ಹ್ಯಾಮಿಲ್ಟನ್ ಪಕ್ಕಕ್ಕೆ ಬಂದರು. ವೆಲ್ಲಿಂಗ್ಟನ್ ಸ್ಟ್ರೇಟ್‌ನಲ್ಲಿ ಇಬ್ಬರೂ ಚಕ್ರಕ್ಕೆ ಚಕ್ರ. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ವರ್ಸ್ಟಾಪನ್ ಬಿಟ್ಟುಕೊಡಲಿಲ್ಲ. ಲಫೀಲ್ಡ್ ದಾಟಿ ಹಳೇ ಪಿಟ್ ಸ್ಟ್ರೇಟ್‌ಗೆ ಬಂದಾಗ ಹ್ಯಾಮಿಲ್ಟನ್ ಎಡಕ್ಕೆ ಹೋಗುವಂತೆ ತೋರಿಸಿ, ಥಟ್ಟನೆ ಬಲಕ್ಕೆ ತಿರುಗಿ ಒಳಗೆ ನುಗ್ಗಿದರು. ಮುಂದೆ ಇದ್ದದ್ದು ಕಾಪ್ಸ್. ಗಂಟೆಗೆ ಸುಮಾರು 290 ಕಿ.ಮೀ. ವೇಗದಲ್ಲಿ ಬಲಕ್ಕೆ ತಿರುಗುವ ಜಾಗ ಅದು.

ನುಗ್ಗಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಒಳಗಡೆ ಜಾಗ ಇತ್ತು, ಇಬ್ಬರೂ ದಾಟಿಹೋಗುವಷ್ಟು ಅಗಲ ಇತ್ತು. ಆದರೆ ಒಳಗಡೆ ಹೋದವನು ಒಳಗಡೆಯೇ ಉಳಿಯಬೇಕು. ಹ್ಯಾಮಿಲ್ಟನ್ ಕಾರು ಅಪೆಕ್ಸ್‌ಗೆ (ತಿರುವಿನ ಒಳ ಅಂಚಿನ ತುದಿ) ಹತ್ತಿಕೊಳ್ಳದೆ ಹೊರಕ್ಕೆ ಸರಿಯುವ ಸಾಲಿನಲ್ಲಿ (ಕಾರು ಹಿಡಿಯುವ ದಾರಿ) ಇತ್ತು. ಸ್ಟೀವರ್ಡ್‌ಗಳೂ ಇದನ್ನೇ ಹೇಳಿದರು: ಒಳಗೆ ಜಾಗ ಇತ್ತು, ಹ್ಯಾಮಿಲ್ಟನ್ ಅದನ್ನು ಬಳಸಲಿಲ್ಲ, ವರ್ಸ್ಟಾಪನ್ ತಿರುಗಿದಾಗ ತಗುಲುವುದನ್ನು ತಪ್ಪಿಸಲಿಲ್ಲ. ಅಂದರೆ ಯಾರ ತಪ್ಪು ಅನ್ನುವುದು ಆವತ್ತೇ ಇತ್ಯರ್ಥವಾಯಿತು. ನನ್ನ ತಕರಾರು ಅದರ ಮುಂದಿನ ಹೆಜ್ಜೆಯದು.

ತಪ್ಪು ಮಾಡಿದವರು 25 ಪಾಯಿಂಟ್ ತೆಗೆದುಕೊಂಡು ಮನೆಗೆ ಹೋದರು. ತಪ್ಪಿಗೆ ಗುರಿಯಾದವರು ಸೊನ್ನೆ ಹೊತ್ತು ಆಸ್ಪತ್ರೆಗೆ ಹೋದರು. ಇದನ್ನು ನೋಡಿಯೂ "ನಿಯಮ ಪಾಲನೆ ಆಯಿತು" ಅಂತ ಸುಮ್ಮನಾಗುವುದು ಹೇಗೆ?

ಆ 10 ಸೆಕೆಂಡ್ ಹ್ಯಾಮಿಲ್ಟನ್‌ಗೆ ಎಷ್ಟು ಭಾರವಾಯಿತು ಅಂತಲೂ ನೋಡಿ. ಅಪಘಾತದಿಂದ ಗೋಡೆ ಹಾಳಾಗಿ ರೇಸ್‌ಗೆ ಕೆಂಪು ಬಾವುಟ ಬಿತ್ತು, ಅಂದರೆ ರೇಸ್ ಸ್ವಲ್ಪ ಹೊತ್ತು ನಿಂತಿತು. ಕೆಂಪು ಬಾವುಟ ಬಿದ್ದರೆ ಕಾರು ರಿಪೇರಿ ಮಾಡಿಕೊಳ್ಳಬಹುದು. ಹ್ಯಾಮಿಲ್ಟನ್ ಕಾರಿನ ಮುಂಚಕ್ರದ ರಿಮ್ ಡಿಕ್ಕಿಯಲ್ಲಿ ಹಾಳಾಗಿತ್ತು, ರೇಸ್ ನಿಲ್ಲದಿದ್ದರೆ ಮುಂದೆ ಓಡಿಸಲು ಆಗುತ್ತಿರಲಿಲ್ಲ ಅಂತ ಮರ್ಸಿಡಿಸ್ ತಂಡವೇ ಆಮೇಲೆ ಹೇಳಿತು. ತಾವೇ ಮಾಡಿದ ಅಪಘಾತದಿಂದಲೇ ಅವರ ಕಾರು ಉಳಿಯಿತು! ಆಮೇಲೆ ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕದ ರಿಪೇರಿ ಜಾಗ) 10 ಸೆಕೆಂಡ್ ನಿಂತರು, ಟೈರ್ ಬದಲಿಸಿದರು, ಲ್ಯಾಂಡೊ ನಾರಿಸ್‌ರನ್ನು ದಾಟಿದರು, ತಂಡದ ಜೊತೆಗಾರ ಬೊಟ್ಟಾಸ್ ದಾರಿ ಬಿಟ್ಟರು. 52 ಲ್ಯಾಪ್‌ಗಳ ರೇಸ್‌ನಲ್ಲಿ 50ನೇ ಲ್ಯಾಪ್‌ಗೆ, ಎಲ್ಲರಿಗಿಂತ ಮುಂದಿದ್ದ ಶಾರ್ಲ್ ಲೆಕ್ಲರ್ಕ್ ಸಿಕ್ಕಿದರು. ಅದೂ ಕಾಪ್ಸ್‌ನಲ್ಲೇ. ಈ ಸಲ ಹ್ಯಾಮಿಲ್ಟನ್ ಕಾರು ಅಪೆಕ್ಸ್‌ಗೆ ಹತ್ತಿರವೇ ಇತ್ತು, ಲೆಕ್ಲರ್ಕ್ ಅಗಲಕ್ಕೆ ಹೋದರು, ಯಾರಿಗೂ ಯಾರೂ ತಗುಲಲಿಲ್ಲ. ಮೊದಲ ಲ್ಯಾಪ್‌ನಲ್ಲೂ ಹೀಗೇ ಮಾಡಬಹುದಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಎರಡೇ ವಾರ ಹಿಂದೆ, ಜುಲೈ 4ರಂದು ಆಸ್ಟ್ರಿಯಾದಲ್ಲಿ ಇನ್ನೊಂದು ದಂಡ ಬಿದ್ದಿತ್ತು. ಲ್ಯಾಂಡೊ ನಾರಿಸ್ ಅವರು ಸೆರ್ಗಿಯೊ ಪೆರೆಸ್‌ರನ್ನು ಜಲ್ಲಿಗೆ ತಳ್ಳಿದರು ಅಂತ 5 ಸೆಕೆಂಡ್. ಪೆರೆಸ್ ಕಾರು ಮುರಿಯಲಿಲ್ಲ, ರೇಸ್ ಮುಂದುವರಿಸಿದರು. ಆದರೂ ನಾರಿಸ್ ಎರಡನೇ ಸ್ಥಾನ ಕಳೆದುಕೊಂಡು ಮೂರಕ್ಕೆ ಇಳಿದರು. ಪೆನಾಲ್ಟಿ ಪಾಯಿಂಟ್ ಅವರಿಗೂ 2. ಅಂದರೆ ಒಬ್ಬರನ್ನು ಜಲ್ಲಿಗೆ ತಳ್ಳಿದರೆ 5, ಒಬ್ಬರನ್ನು ಗೋಡೆಗೆ ಗುದ್ದಿಸಿದರೆ 10. ಆ 5 ನಾರಿಸ್‌ಗೆ ಒಂದು ಸ್ಥಾನ ಕಿತ್ತುಕೊಂಡಿತು, ಈ 10 ಹ್ಯಾಮಿಲ್ಟನ್‌ಗೆ ಏನನ್ನೂ ಕಿತ್ತುಕೊಳ್ಳಲಿಲ್ಲ. ಕಾರು ಎಷ್ಟು ವೇಗದ್ದೋ ದಂಡ ಅಷ್ಟು ಹಗುರ. "ನಾವು ಪರಿಣಾಮ ನೋಡುವುದಿಲ್ಲ, ಎಲ್ಲರಿಗೂ ಸಮಾನ" ಅನ್ನುವ ಮಾತು ಕಾಗದದ ಮೇಲೆ ಚೆನ್ನಾಗಿದೆ. ಟ್ರ್ಯಾಕ್ ಮೇಲೆ ಅದು ದೊಡ್ಡ ತಂಡದ ಕಣ್ಣಿಗೆ ಬೆಣ್ಣೆ, ಸಣ್ಣ ತಂಡದ ಕಣ್ಣಿಗೆ ಸುಣ್ಣ.

ನಾನು ರೆಡ್ ಬುಲ್ ಪರ ಮಾತಾಡುತ್ತಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಾಂಜಾದಲ್ಲಿ ವರ್ಸ್ಟಾಪನ್ ಕಾರು ಹ್ಯಾಮಿಲ್ಟನ್ ಕಾರಿನ ಮೇಲೆ ಹತ್ತಿ ಕೂತಿತು. ಚಕ್ರ ಹೆಲ್ಮೆಟ್‌ಗೆ ತಾಗುವಷ್ಟು ಒಳಕ್ಕೆ ಬಂದಿತ್ತು. ಹೇಲೋ (ಚಾಲಕನ ತಲೆ ಕಾಯುವ ಚೌಕಟ್ಟು) ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಳ್ಳುವುದೂ ಕಷ್ಟ. ಈ ಸಲ ತಪ್ಪು ಹೆಚ್ಚಾಗಿ ವರ್ಸ್ಟಾಪನ್‌ದು ಅಂತ ತೀರ್ಪು ಬಂತು. ದಂಡ, ಮುಂದಿನ ರೇಸ್‌ನ ಗ್ರಿಡ್‌ನಲ್ಲಿ, ಅಂದರೆ ಹೊರಡುವ ಸಾಲಿನಲ್ಲಿ, 3 ಸ್ಥಾನ ಹಿಂದೆ. ರೆಡ್ ಬುಲ್ ಏನು ಮಾಡಿತು? ಮುಂದಿನ ರೇಸ್ ಸೋಚಿಯಲ್ಲೇ ಹೊಸ ಎಂಜಿನ್ ಹಾಕಿಸಿತು. ಎಂಜಿನ್ ಬದಲಾವಣೆಗೆ ಹೇಗೂ ಕೊನೆಯಿಂದ ಹೊರಡಬೇಕು, 3 ಸ್ಥಾನದ ದಂಡ ಅದರೊಳಗೇ ಕರಗಿಹೋಯಿತು. ವರ್ಸ್ಟಾಪನ್ ಕೊನೆಯಿಂದ ಹೊರಟು ಎರಡನೆಯವರಾಗಿ ಮುಗಿಸಿದರು. ಸಿಲ್ವರ್‌ಸ್ಟೋನ್‌ನಲ್ಲಿ ಹ್ಯಾಮಿಲ್ಟನ್ ಅಭಿಮಾನಿಗಳು ದಂಡ ಸರಿಯಾಗಿದೆ ಅಂದರು, ಮಾಂಜಾದಲ್ಲಿ ವರ್ಸ್ಟಾಪನ್ ಅಭಿಮಾನಿಗಳು ಅಂದರು. ಎರಡು ಸಲವೂ ದಂಡ ಯಾರಿಗೂ ನೋವು ಕೊಡಲಿಲ್ಲ ಅನ್ನುವುದನ್ನು ಇಬ್ಬರೂ ಮರೆತರು.

ನಮ್ಮ ನೆಲದಲ್ಲೇ ಒಂದು ಉದಾಹರಣೆ ಇದೆ. 2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ನಡೆದ ಮೊದಲ ಇಂಡಿಯನ್ ಗ್ರ್ಯಾನ್ ಪ್ರಿಯಲ್ಲಿ ಹ್ಯಾಮಿಲ್ಟನ್ ಮತ್ತು ಫೆಲಿಪೆ ಮಸ್ಸಾ ಡಿಕ್ಕಿ ಹೊಡೆದುಕೊಂಡರು. ದಂಡ ಬಿದ್ದದ್ದು ಮಸ್ಸಾಗೆ, ಡ್ರೈವ್-ಥ್ರೂ. ಅಂದರೆ ರೇಸ್ ನಡೆಯುತ್ತಿರುವಾಗಲೇ ಪಿಟ್ ಲೇನ್ ಒಳಗೆ ನಿಧಾನವಾಗಿ ಹಾದುಹೋಗಬೇಕು, ಟೈರ್ ಬದಲಿಸುವ ಹಾಗಿಲ್ಲ. ಆಗ ಸೆಕೆಂಡಿನ ಲೆಕ್ಕದ ಸಣ್ಣ ದಂಡಗಳು ಬಂದಿರಲಿಲ್ಲ. ಆ ತೀರ್ಪು ಸರಿಯೋ ತಪ್ಪೋ, ಅದು ಬೇರೆ ಮಾತು. ದಂಡಕ್ಕೆ ತೂಕ ಇತ್ತು. ಹೇಗೂ ಟೈರ್ ಬದಲಿಸಲು ನಿಲ್ಲುವ ಹೊತ್ತಿನಲ್ಲೇ ಸೇರಿಸಿ ತೀರಿಸಬಹುದಾದ ದಂಡ ಬಂದ ಮೇಲೆ ಅದು ಒಂದು ರೀತಿ ಶುಲ್ಕ ಆಗಿಬಿಟ್ಟಿದೆ. ಕಟ್ಟಿದರೆ ಮುಗಿಯಿತು.

"ಪರಿಣಾಮ ನೋಡಿದರೆ ನ್ಯಾಯ ಕೆಡುತ್ತದೆ" ಅನ್ನುವವರಿಗೆ ಒಂದು ಮಾತು. ಜಗತ್ತಿನ ಕಾನೂನುಗಳು ಪರಿಣಾಮವನ್ನು ನೋಡುತ್ತವೆ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯನ್ನೇ ತೆಗೆದುಕೊಳ್ಳಿ. ರಸ್ತೆಯಲ್ಲಿ ಅಡ್ಡಾದಿಡ್ಡಿ ಗಾಡಿ ಓಡಿಸಿದರೆ 279ನೇ ಸೆಕ್ಷನ್, ಹೆಚ್ಚೆಂದರೆ ಆರು ತಿಂಗಳು ಜೈಲು. ಅಂಥದೇ ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ 304ಎ, ಎರಡು ವರ್ಷದವರೆಗೆ. ಚಾಲಕನ ಕೈ ಮಾಡಿದ್ದು ಎರಡರಲ್ಲೂ ಒಂದೇ ಇರಬಹುದು. ಆದರೂ ಕಾನೂನು ನೊಂದವರ ಕಡೆಗೂ ಒಮ್ಮೆ ನೋಡುತ್ತದೆ. ಅದನ್ನು ಯಾರೂ ಅನ್ಯಾಯ ಅನ್ನುವುದಿಲ್ಲ, ಅಲ್ವಾ?

ಫಾರ್ಮುಲಾ 1 ಕೂಡ ಒಂದು ಕಾಲಕ್ಕೆ ನೋಡುತ್ತಿತ್ತು. 2012ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ರೊಮೇನ್ ಗ್ರೋಜಾನ್ ಶುರುವಿನಲ್ಲೇ ಹ್ಯಾಮಿಲ್ಟನ್ ಕಡೆಗೆ ಸರಿದು ದೊಡ್ಡ ಅಪಘಾತ ಮಾಡಿದರು. ಅವರ ಕಾರು ಫರ್ನಾಂಡೊ ಅಲೊನ್ಸೊ ತಲೆಯ ಹತ್ತಿರವೇ ಹಾರಿಹೋಯಿತು. ಒಂದು ರೇಸ್ ನಿಷೇಧ, 50,000 ಯೂರೊ ದಂಡ. ಚಾಂಪಿಯನ್‌ಶಿಪ್‌ಗೆ ಹೋರಾಡುತ್ತಿದ್ದವರು ರೇಸ್‌ನಿಂದ ಹೊರಬಿದ್ದರು ಅನ್ನುವುದನ್ನು ಸ್ಟೀವರ್ಡ್‌ಗಳು ತೀರ್ಪಿನಲ್ಲೇ ಬರೆದರು. ಆ ವರ್ಷ ಅಲೊನ್ಸೊ ಪಟ್ಟ ಕಳೆದುಕೊಂಡದ್ದು 3 ಪಾಯಿಂಟ್‌ನಿಂದ. ಸ್ಪಾದಲ್ಲಿ ಅವರಿಗೆ ಸಿಕ್ಕದ್ದು ಸೊನ್ನೆ.

ಹಣದ ಮಾತೂ ಇದೆ. ಸಿಲ್ವರ್‌ಸ್ಟೋನ್ ಅಪಘಾತದಿಂದ ಸುಮಾರು 18 ಲಕ್ಷ ಡಾಲರ್ ನಷ್ಟ ಅಂತ ರೆಡ್ ಬುಲ್‌ನ ಅಂದಿನ ಮುಖ್ಯಸ್ಥ ಕ್ರಿಶ್ಚಿಯನ್ ಹಾರ್ನರ್ ಲೆಕ್ಕ ಕೊಟ್ಟರು. 2021ರಲ್ಲೇ ತಂಡಗಳ ಖರ್ಚಿಗೆ 14.5 ಕೋಟಿ ಡಾಲರ್ ಮಿತಿ ಬಂದಿತ್ತು. ಮಿತಿ ಇದ್ದಾಗ ಮುರಿದ ಕಾರಿಗೆ ಹಾಕಿದ ದುಡ್ಡನ್ನು ಹೊಸ ಭಾಗ ಮಾಡಲು ಬಳಸಲಾಗುವುದಿಲ್ಲ. ನಷ್ಟ ಅದೊಂದು ಭಾನುವಾರಕ್ಕೆ ಮುಗಿಯುವುದಿಲ್ಲ. ಆ ಕಾರಿನ ಹೋಂಡಾ ಎಂಜಿನ್‌ನಲ್ಲಿ ಬಿರುಕು ಬಿಟ್ಟದ್ದು ಎರಡು ವಾರ ಬಿಟ್ಟು ಹಂಗೇರಿಯಲ್ಲಿ ಗೊತ್ತಾಯಿತು. ಇನ್ನು ಬೆಂಗಳೂರಿನ ಕುಶ್ ಮೈನಿ ಓಡಿಸಿದ ಫಾರ್ಮುಲಾ 2ರಂಥ ಸರಣಿಗಳಲ್ಲಿ ಸ್ಪಾನ್ಸರ್ ಹುಡುಕಿ ಸೀಟು ಹಿಡಿಯುವವರೇ ಜಾಸ್ತಿ. ಅಲ್ಲಿ ಬೇರೆಯವರ ತಪ್ಪಿಗೆ ಕೈತಪ್ಪುವ ಒಂದು ರೇಸ್ ಎಷ್ಟು ದುಬಾರಿ ಅಂತ ಊಹಿಸಬಹುದು.

ನಾನು ಕೇಳುವುದು ದೊಡ್ಡದೇನಲ್ಲ. ತಪ್ಪು ಹೆಚ್ಚಾಗಿ ಒಬ್ಬನದೇ ಅಂತ ತೀರ್ಮಾನವಾದ ಮೇಲೆ, ಆ ತಪ್ಪಿನಿಂದ ಇನ್ನೊಬ್ಬನ ರೇಸ್ ಅಲ್ಲೇ ಮುಗಿದಿದ್ದರೆ, ಕಡಿಮೆ ಅಂದರೂ ಡ್ರೈವ್-ಥ್ರೂ ಇರಲಿ. ಸಿಲ್ವರ್‌ಸ್ಟೋನ್‌ನಲ್ಲಿ ಡ್ರೈವ್-ಥ್ರೂ ಬಿದ್ದಿದ್ದರೂ ಹ್ಯಾಮಿಲ್ಟನ್‌ಗೆ ಒಳ್ಳೆ ಪಾಯಿಂಟ್ ಸಿಗುತ್ತಿತ್ತು. ಗೆಲುವು ಮಾತ್ರ ಸಿಗುತ್ತಿರಲಿಲ್ಲ. ಆ ಸಂಜೆ ಆಸ್ಪತ್ರೆಯಿಂದಲೇ ವರ್ಸ್ಟಾಪನ್ ಟ್ವೀಟ್ ಮಾಡಿದರು: ತಾವು ಇನ್ನೂ ಆಸ್ಪತ್ರೆಯಲ್ಲಿರುವಾಗ ಅಲ್ಲಿ ನಡೆಯುತ್ತಿರುವ ಸಂಭ್ರಮ ಅಗೌರವದ್ದು ಅಂತ. ಸಂಭ್ರಮ ಪಡುವುದು ಗೆದ್ದವರ ಹಕ್ಕು, ಅದನ್ನು ನಾನು ಒಪ್ಪುತ್ತೇನೆ. ಆ ಗೆಲುವಿಗೆ ಅವಕಾಶ ಮಾಡಿಕೊಟ್ಟ ದಂಡವನ್ನು ಮಾತ್ರ ಒಪ್ಪುವುದಿಲ್ಲ.

ವಿರೋಧ: ತಪ್ಪನ್ನು ಅಳೆಯಿರಿ, ಗೋಡೆಯ ಪೆಟ್ಟನ್ನಲ್ಲ

ಸಿಲ್ವರ್‌ಸ್ಟೋನ್‌ನಲ್ಲೇ ಇನ್ನೊಂದು ಅಪಘಾತ ಆಯಿತು, ಸುಮಾರು ಒಂದು ವರ್ಷಕ್ಕೆ. 2022ರ ಜುಲೈ 3. ಶುರುವಿನಲ್ಲೇ ಜಾರ್ಜ್ ರಸೆಲ್, ಪಿಯರ್ ಗ್ಯಾಸ್ಲಿ, ಜೋ ಗುವಾನ್ಯು ಒಬ್ಬರ ಪಕ್ಕ ಒಬ್ಬರು. ನಡುವೆ ಸಿಕ್ಕಿಕೊಂಡ ಗ್ಯಾಸ್ಲಿಗೆ ರಸೆಲ್ ಕಾರು ತಗುಲಿತು, ಅಲ್ಲಿಂದ ಹೋಗಿ ಜೋ ಕಾರಿಗೆ. ಜೋ ಕಾರು ತಲೆಕೆಳಗಾಯಿತು. ತಲೆಕೆಳಗಾದ ಕಾರು ಟಾರಿನ ಮೇಲೆ ಕಿಡಿ ಹಾರಿಸುತ್ತ ಜಾರಿತು, ಜಲ್ಲಿಯಲ್ಲಿ ಪಲ್ಟಿ ಹೊಡೆದು ಟೈರ್ ಗೋಡೆಯನ್ನೇ ಹಾರಿ, ಗೋಡೆಗೂ ಬೇಲಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ರಸೆಲ್ ತಮ್ಮ ಕಾರು ನಿಲ್ಲಿಸಿ ಓಡಿಹೋದರು. ಜೋ ಬದುಕಿದ್ದಾರಾ ಅಂತ ನೋಡುತ್ತಿದ್ದವರು ಉಸಿರು ಬಿಗಿಹಿಡಿದಿದ್ದರು. ಹೇಲೋ ಅವರನ್ನು ಉಳಿಸಿತು, ಗಾಯವೂ ಆಗಲಿಲ್ಲ.

ಆ ಅಪಘಾತಕ್ಕೆ ದಂಡ ಎಷ್ಟು? ಏನೂ ಇಲ್ಲ. ಮೂರು ಕಾರು ಒಂದೇ ಜಾಗಕ್ಕೆ ಬಂದವು, ಅಷ್ಟೇ ಅಂತ ಸ್ಟೀವರ್ಡ್‌ಗಳು ಬಿಟ್ಟರು. ಅದು ಸರಿಯಾದ ತೀರ್ಪು. ಈಗ ನಷ್ಟ ನೋಡಿ ದಂಡ ಹಾಕಬೇಕು ಅನ್ನುವವರನ್ನು ಕೇಳುತ್ತೇನೆ: ಆವತ್ತು ರಸೆಲ್‌ಗೆ ಎಷ್ಟು ಹಾಕುತ್ತಿದ್ದಿರಿ? ಪೆಟ್ಟಿನ ಗಾತ್ರದಲ್ಲಿ ಅಳೆದರೆ ಇಡೀ ಸೀಸನ್ ನಿಷೇಧ ಮಾಡಬೇಕಿತ್ತು. "ಅಲ್ಲಿ ತಪ್ಪು ಇರಲಿಲ್ಲವಲ್ಲ, ತಪ್ಪು ಇದ್ದರೆ ಮಾತ್ರ ನಷ್ಟದ ಲೆಕ್ಕ" ಅಂತ ಉತ್ತರ ಬರುತ್ತದೆ, ಗೊತ್ತು. ಆದರೆ ಕಾರು ತಲೆಕೆಳಗಾಗಿ ಬೇಲಿಗೆ ಸಿಕ್ಕಿಕೊಂಡಿರುವಾಗ, ತಪ್ಪು ಹುಡುಕುವ ಕಣ್ಣಿಗೆ ತಪ್ಪು ಕಂಡೇ ಕಾಣುತ್ತದೆ. ನಷ್ಟವನ್ನು ತಕ್ಕಡಿಗೆ ಹಾಕಿದ ಮರುಕ್ಷಣವೇ ಅದು ತಪ್ಪಿನ ತಟ್ಟೆಯನ್ನೂ ಕೆಳಗೆ ಎಳೆಯುತ್ತದೆ. ಇವೆರಡನ್ನು ಬೇರೆ ಇಟ್ಟದ್ದಕ್ಕೇ ರಸೆಲ್ ಉಳಿದರು.

ಕಾಪ್ಸ್‌ಗೇ ಬರೋಣ. ಹ್ಯಾಮಿಲ್ಟನ್ ಮಾಡಿದ ತಪ್ಪು ಏನು? ಅಪೆಕ್ಸ್‌ನಿಂದ ಸ್ವಲ್ಪ ಅಗಲಕ್ಕೆ ಹೋದದ್ದು. ಇದೇ ತಪ್ಪನ್ನು ನಿಧಾನ ತಿರುವಿನಲ್ಲಿ ಮಾಡಿದ್ದರೆ ಎರಡು ಚಕ್ರ ಉಜ್ಜಿಕೊಂಡು, ಇಬ್ಬರೂ ಮುಂದೆ ಹೋಗುತ್ತಿದ್ದರು. ಕಾಪ್ಸ್‌ನಲ್ಲೇ ಆದರೂ ಚಕ್ರ ಒಂದಿಷ್ಟು ಬೇರೆ ಕೋನದಲ್ಲಿ ತಾಗಿದ್ದರೆ ಮರ್ಸಿಡಿಸ್ಸೇ ತಿರುಗಿ ಗೋಡೆಗೆ ಬಡಿಯಬಹುದಿತ್ತು. ಆಗ ತಪ್ಪು ಮಾಡಿದವರೇ ಆಸ್ಪತ್ರೆಯಲ್ಲಿ ಇರುತ್ತಿದ್ದರು, ನಾವು ದಂಡದ ಮಾತೇ ಎತ್ತುತ್ತಿರಲಿಲ್ಲ. ಕೈ ಅದೇ, ಸ್ಟೀರಿಂಗ್ ಅದೇ, ಮನಸ್ಸಿನ ಲೆಕ್ಕಾಚಾರವೂ ಅದೇ. ಉಳಿದದ್ದು ಅದೃಷ್ಟ. ಅದೃಷ್ಟಕ್ಕೆ ದಂಡ ಹಾಕಬಾರದು.

ಆ ಹಿಂಚಕ್ರ ಅಲ್ಲಿಗೆ ಬಂದದ್ದು ಹೇಗೆ ಅನ್ನುವುದನ್ನೂ ಕೇಳಬೇಕು. ಒಳಗಡೆ ಒಬ್ಬ ಇದ್ದಾನೆ ಅಂತ ವರ್ಸ್ಟಾಪನ್‌ಗೆ ಗೊತ್ತಿತ್ತು. ಚಾಂಪಿಯನ್‌ಶಿಪ್‌ನಲ್ಲಿ 33 ಪಾಯಿಂಟ್ ಮುಂದಿದ್ದವರು ಒಂದು ಕಾರಿನಷ್ಟು ಹೊರಗೆ ಉಳಿದಿದ್ದರೆ ಎರಡನೇ ಸ್ಥಾನಕ್ಕೆ ಇಳಿಯುತ್ತಿದ್ದರು, ಅಷ್ಟೇ. ಸರಿಯಾಗಿ ಅವರ ಹಿಂದೆಯೇ ಇದ್ದು ಎಲ್ಲವನ್ನೂ ಕಣ್ಣಾರೆ ಕಂಡವರು ಲೆಕ್ಲರ್ಕ್. ಅವರಿಗೂ ಇದು ರೇಸಿಂಗ್‌ನಲ್ಲಿ ಆಗುವಂಥದೇ ಅನ್ನಿಸಿತು: ಒಳಗೆ ಜಾಗ ಇತ್ತು ನಿಜ, ಹೊರಗಿದ್ದವರೂ ಗಟ್ಟಿಯಾಗಿ ನಿಂತರು. 50ನೇ ಲ್ಯಾಪ್‌ನಲ್ಲಿ ಹ್ಯಾಮಿಲ್ಟನ್ ಸಾಲು ಸರಿಯಾಗಿತ್ತು ಅಂತ ಆ ಕಡೆಯವರು ಹೇಳುತ್ತಾರೆ. ಅದೇ ತಿರುವಿನಲ್ಲಿ ಲೆಕ್ಲರ್ಕ್ ಜಾಗ ಬಿಟ್ಟರು ಅನ್ನುವುದನ್ನೂ ಹೇಳಬೇಕು. ಸ್ಟೀವರ್ಡ್‌ಗಳು ತಪ್ಪೆಲ್ಲ ಹ್ಯಾಮಿಲ್ಟನ್‌ದೇ ಅನ್ನಲಿಲ್ಲ, ಹೆಚ್ಚಿನ ಪಾಲು ಅಂದರು. ಹಾಗಿದ್ದ ಮೇಲೆ ಆದ ನಷ್ಟವನ್ನೆಲ್ಲ ಒಬ್ಬರ ತಲೆಗೇ ಕಟ್ಟುವುದು ಯಾವ ಲೆಕ್ಕ?

ಗ್ರೋಜಾನ್ ಉದಾಹರಣೆ ಕೊಡುತ್ತಾರೆ. ನನ್ನ ಪ್ರಕಾರ ಆ ತೀರ್ಪಿನಲ್ಲಿ ಕೆಟ್ಟದ್ದು ಏನಾದರೂ ಇದ್ದರೆ ಅದು ಚಾಂಪಿಯನ್‌ಶಿಪ್ ಹೋರಾಟಗಾರರ ಮಾತೇ. ಅಪಾಯಕಾರಿ ಚಾಲನೆಗೆ ನಿಷೇಧ ಹಾಕಿದ್ದು ಸರಿ. ಕಾರು ಒಬ್ಬ ಮನುಷ್ಯನ ತಲೆಯ ಹತ್ತಿರ ಹಾರಿಹೋಗಿದೆ. ಆ ತಲೆ ಪಾಯಿಂಟ್ ಪಟ್ಟಿಯ ಮೊದಲಿನವರದಾದರೆ ಏನು, ಕೊನೆಯವರದಾದರೆ ಏನು? ಅಲೊನ್ಸೊ ಜಾಗದಲ್ಲಿ ಒಂದೂ ಪಾಯಿಂಟ್ ಇಲ್ಲದ ಹುಡುಗ ಇದ್ದಿದ್ದರೆ ದಂಡ ಕಡಿಮೆ ಆಗಬೇಕಿತ್ತಾ? ನಷ್ಟ ನೋಡಬೇಕು ಅನ್ನುವ ವಾದ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಮುಂದಿರುವವರನ್ನು ಗುದ್ದಿದರೆ ಜಾಸ್ತಿ, ಹಿಂದಿರುವವರನ್ನು ಗುದ್ದಿದರೆ ಕಡಿಮೆ. ಸಣ್ಣ ತಂಡದ ಪರ ಅಂತ ಶುರುವಾದ ವಾದ ದೊಡ್ಡವರ ಸುತ್ತ ಬೇಲಿ ಕಟ್ಟಿ ಮುಗಿಯುತ್ತದೆ.

ಇನ್ನೂ ಒಂದು ತೊಡಕಿದೆ. ನಷ್ಟ ಎಷ್ಟು ಅಂತ ಆವತ್ತೇ ಯಾರಿಗೆ ಗೊತ್ತು? ಆ ಎಂಜಿನ್‌ನ ಬಿರುಕು ಕಂಡದ್ದು ಎರಡು ವಾರದ ಮೇಲೆ. ಅದೇ ಹಂಗೇರಿಯಲ್ಲಿ ವಾಲ್ಟೆರಿ ಬೊಟ್ಟಾಸ್ ಒದ್ದೆ ಟ್ರ್ಯಾಕ್‌ನಲ್ಲಿ ಬ್ರೇಕ್ ತಡವಾಗಿ ಹಾಕಿ ನಾರಿಸ್‌ಗೆ ಗುದ್ದಿದರು, ನಾರಿಸ್ ಕಾರು ಹೋಗಿ ವರ್ಸ್ಟಾಪನ್‌ಗೆ ಗುದ್ದಿತು. ವರ್ಸ್ಟಾಪನ್ ಮುರುಕು ಕಾರಿನಲ್ಲೇ ಓಡಿಸಿ ಒಂಬತ್ತನೆಯವರಾದರು. ಬೊಟ್ಟಾಸ್‌ಗೆ ಮುಂದಿನ ರೇಸ್‌ನಲ್ಲಿ 5 ಸ್ಥಾನ ಹಿಂದೆ ಹೋಗುವ ದಂಡ. ಅದು ಬ್ರೇಕ್ ತಪ್ಪಿದ್ದಕ್ಕೆ ಬಿದ್ದ ದಂಡ. ನಷ್ಟದ ಲೆಕ್ಕ ಹಿಡಿದಿದ್ದರೆ? ಬೊಟ್ಟಾಸ್ ತಪ್ಪಿನಿಂದ ಲಾಭ ಆದದ್ದು ಅವರ ಜೊತೆಗಾರ ಹ್ಯಾಮಿಲ್ಟನ್‌ಗೆ, ಪಟ್ಟಿಯಲ್ಲಿ ಮುಂದೆ ಬಂದರು. ಆಗ ಸ್ಟೀವರ್ಡ್‌ಗಳು ಬೊಟ್ಟಾಸ್ ಬೇಕೆಂದೇ ಮಾಡಿದರಾ ಅಂತ ಅನುಮಾನದ ತೀರ್ಪು ಬರೆಯಬೇಕಾಗುತ್ತಿತ್ತು. ವರ್ಷದ ಕೊನೆಗೆ ಅಬುಧಾಬಿಗೆ ಬರುವಾಗ ಇಬ್ಬರ ಪಾಯಿಂಟೂ 369.5. ಸರಿಸಮ. ಸಿಲ್ವರ್‌ಸ್ಟೋನ್‌ನಲ್ಲಿ ಎಲ್ಲ ಕಳೆದುಕೊಂಡರು ಅಂತ ನಾವು ಮರುಗಿದ ವರ್ಸ್ಟಾಪನ್ 395.5 ಪಾಯಿಂಟ್ ಜೊತೆ ಪಟ್ಟ ಗೆದ್ದರು. ಯಾವ ದಿನ ನಿಂತು ನಷ್ಟದ ಲೆಕ್ಕ ಮಾಡುತ್ತೀರಿ?

ಕಾನೂನಿನ ಸೆಕ್ಷನ್ ತೋರಿಸುವವರಿಗೆ ಇಷ್ಟೇ ಹೇಳುತ್ತೇನೆ. ಅಲ್ಲಿ ಪ್ರಾಣ ಹೋಗಿರುತ್ತದೆ, ಸಾಕ್ಷಿ ಕೇಳುತ್ತಾರೆ, ವಕೀಲರು ವಾದ ಮಾಡುತ್ತಾರೆ, ಮೇಲಿನ ಕೋರ್ಟ್ ಇರುತ್ತದೆ. ಇಲ್ಲಿ ಒಂದು ಕೋಣೆಯಲ್ಲಿ ಕೂತ ಕೆಲವೇ ಜನ ವಿಡಿಯೊ ನೋಡಿ ರೇಸ್ ಮುಗಿಯುವುದರೊಳಗೆ ಹೇಳಬೇಕು. ಅವರಿಗೆ ಸ್ಪಷ್ಟವಾಗಿ ಕಾಣುವುದು ಚಕ್ರ ಎಲ್ಲಿತ್ತು ಅನ್ನುವುದು ಮಾತ್ರ.

ಅದಕ್ಕೂ ಬಿಡುವುದಿಲ್ಲ ನಮ್ಮ ತಂಡಗಳು. ಆವತ್ತು ರೆಡ್ ಬುಲ್ ಮುಖ್ಯಸ್ಥರು ರೇಡಿಯೊದಲ್ಲಿ ಮಾಸಿ ಕಿವಿಗೆ ತುಂಬಿದರು, ಕಾಪ್ಸ್‌ನಲ್ಲಿ ಯಾರೂ ಒಳಗೆ ಚಕ್ರ ಹಾಕುವುದಿಲ್ಲ ಅಂತ. ಮರ್ಸಿಡಿಸ್‌ನ ಟೊಟೊ ವೋಲ್ಫ್ ರೇಸ್ ನಡೆಯುತ್ತಿರುವಾಗಲೇ ಚಿತ್ರ ಸಮೇತ ಇ-ಮೇಲ್ ಕಳಿಸಿದರು. ರೇಸ್ ಹೊತ್ತಿನಲ್ಲಿ ಬೇಕೆಂದೇ ಇ-ಮೇಲ್ ನೋಡುವುದಿಲ್ಲ ಅಂತ ಮಾಸಿ ಹೇಳಿದ್ದನ್ನು ಇಡೀ ಜಗತ್ತು ಕೇಳಿತು. ಅಷ್ಟಕ್ಕೇ ನಿಲ್ಲಲಿಲ್ಲ. ರೆಡ್ ಬುಲ್ ತನ್ನ ರಿಸರ್ವ್ ಚಾಲಕ ಅಲೆಕ್ಸ್ ಆಲ್ಬನ್‌ರನ್ನು ಹಳೇ ಕಾರಿನಲ್ಲಿ ಸಿಲ್ವರ್‌ಸ್ಟೋನ್‌ಗೆ ಕರೆದೊಯ್ದು ಹ್ಯಾಮಿಲ್ಟನ್ ಸಾಲನ್ನೇ ಓಡಿಸಿ, ಅದನ್ನು ಸಾಕ್ಷಿ ಅಂತ ತಂದಿತು. ಹಂಗೇರಿಯಲ್ಲಿ ಜುಲೈ 29ರಂದು ಸ್ಟೀವರ್ಡ್‌ಗಳು ಅದನ್ನು ತಳ್ಳಿಹಾಕಿದರು. ಇದು ಹೊಸದಾಗಿ ಸಿಕ್ಕ ಸಾಕ್ಷಿ ಅಲ್ಲ, ವಾದಕ್ಕಾಗಿ ತಯಾರಿಸಿದ್ದು ಅಂದರು. ಚಕ್ರ ಎಲ್ಲಿತ್ತು ಅನ್ನುವ ಒಂದು ಪ್ರಶ್ನೆಗೇ ಇಷ್ಟು ಜಗ್ಗಾಟ. ನಷ್ಟವೂ ಲೆಕ್ಕಕ್ಕೆ ಬರುತ್ತದೆ ಅಂದರೆ ಪ್ರತಿ ಸೋಮವಾರ ರಿಪೇರಿ ಬಿಲ್, ವೈದ್ಯಕೀಯ ವರದಿ, ಎಂಜಿನ್ ಫೋಟೊ ಹಿಡಿದು ತಂಡಗಳು ಸಾಲುಗಟ್ಟುತ್ತವೆ. ನೋವಾಗಿದೆ ಅಂತ ಜಾಸ್ತಿ ತೋರಿಸಿದವರಿಗೆ ಜಾಸ್ತಿ ನ್ಯಾಯ.

ನನಗೆ ಎಲ್ಲಕ್ಕಿಂತ ಕಾಡುವುದು ಅಭಿಮಾನಿಗಳ ಕಡೆ ಆದದ್ದು. ಆ ರಾತ್ರಿ ಹ್ಯಾಮಿಲ್ಟನ್ ಮೇಲೆ ಆನ್‌ಲೈನ್‌ನಲ್ಲಿ ಬಣ್ಣದ ಹೆಸರಿನಲ್ಲಿ ಹೊಲಸು ಬೈಗುಳ ಸುರಿಯಿತು. ಫಾರ್ಮುಲಾ 1, ಎಫ್‌ಐಎ (ಈ ಕ್ರೀಡೆಯ ಜಾಗತಿಕ ಆಡಳಿತ ಸಂಸ್ಥೆ), ಮರ್ಸಿಡಿಸ್ ಸೇರಿ ಖಂಡಿಸಬೇಕಾಯಿತು. ರೆಡ್ ಬುಲ್ ಕೂಡ ಖಂಡಿಸಿತು. ಬೈದವರು ಅಪೆಕ್ಸ್ ಬಗ್ಗೆ ಮಾತಾಡುತ್ತಿರಲಿಲ್ಲ. 51ಜಿ ಅನ್ನುವ ಅಂಕಿ, ಆಸ್ಪತ್ರೆ ಅನ್ನುವ ಸುದ್ದಿ, ಬಾವುಟ ಹಿಡಿದು ಕುಣಿದ ಚಿತ್ರ, ಇವೇ ಅವರ ಕೈಯ ಕಲ್ಲು. ಅಪಘಾತ ಎಷ್ಟು ದೊಡ್ಡದೋ ಮಾಡಿದವನು ಅಷ್ಟು ಕೆಟ್ಟವನು ಅಂತ ತೀರ್ಮಾನಿಸುವುದು ಗುಂಪಿನ ಬುದ್ಧಿ. ನಿಯಮವೂ ಅದೇ ಮಾತು ಆಡತೊಡಗಿದರೆ ಆ ಗುಂಪಿಗೆ ಅಧಿಕೃತ ಮುದ್ರೆ ಒತ್ತಿದಂತೆ.

ದಂಡ ಹಗುರ ಆಯಿತು ಅನ್ನುವ ದೂರಿನಲ್ಲಿ ಹುರುಳಿದೆ, ಇಲ್ಲ ಅನ್ನುವುದಿಲ್ಲ. ಹಾಗಾದರೆ ಡಿಕ್ಕಿಗೆ 10 ಸೆಕೆಂಡ್ ಬದಲು 20 ಮಾಡಿ, ಡ್ರೈವ್-ಥ್ರೂ ಮಾಡಿ. ಆದರೆ ಗುದ್ದಿಸಿಕೊಂಡವರು ಉಳಿದರೂ ಅಷ್ಟೇ, ಗೋಡೆಗೆ ಹೋದರೂ ಅಷ್ಟೇ ಇರಲಿ. ಗ್ರಿಡ್ ದಂಡ ಎಂಜಿನ್ ದಂಡದಲ್ಲಿ ಕರಗುತ್ತದೆ ಅಂದರೆ ಕರಗದ ಹಾಗೆ ನಿಯಮ ಬರೆಯಿರಿ. ಸೋಚಿಯ ತೊಂದರೆಗೆ ಮದ್ದು ಅದು. 2024ರ ಮೊನಾಕೊದಲ್ಲಿ ಕೆವಿನ್ ಮ್ಯಾಗ್ನುಸೆನ್ ಮೊದಲ ಲ್ಯಾಪ್‌ನಲ್ಲಿ ಪೆರೆಸ್ ಪಕ್ಕದ ಕಿರಿದಾದ ಸಂದಿಗೆ ನುಗ್ಗಿ ಮೂರು ಕಾರು ಹೊರಬಿದ್ದವು, ಪೆರೆಸ್ ರೆಡ್ ಬುಲ್ ನುಚ್ಚುನೂರಾಯಿತು. ಯಾರಿಗೂ ದಂಡ ಬೀಳಲಿಲ್ಲ. ಆ ನುಗ್ಗುವಿಕೆ ತಪ್ಪು ಅಂತ ನನಗೆ ಅನ್ನಿಸುತ್ತದೆ. ಕಾರು ನುಚ್ಚಾಗದೆ ಬರೀ ರೆಕ್ಕೆ ತಾಗಿದ್ದರೂ ತಪ್ಪು ಅಂತಲೇ ಅನ್ನುತ್ತಿದ್ದೆ.

ಹಕ್ಕು ಯಾರದು ಅನ್ನುವುದನ್ನು ಮೊದಲೇ ಬರೆದಿಡುವ ಕೆಲಸ ನಡೆದಿದೆ. ಚಾಲನೆಯ ಮಾರ್ಗಸೂಚಿಯನ್ನು ಎಫ್‌ಐಎ 2025ರಲ್ಲಿ ಎಲ್ಲರೂ ಓದುವಂತೆ ಪ್ರಕಟಿಸಿತು. ಒಳಗಡೆಯಿಂದ ದಾಟುವವರ ಮುಂದಿನ ಆಕ್ಸಲ್ (ಮುಂಚಕ್ರಗಳ ಅಚ್ಚು) ಅಪೆಕ್ಸ್‌ಗೆ ಮೊದಲೂ ಅಪೆಕ್ಸ್‌ನಲ್ಲೂ ಇನ್ನೊಂದು ಕಾರಿನ ಕನ್ನಡಿಯ ಮಟ್ಟಕ್ಕಾದರೂ ಇರಬೇಕು, ಕಾರು ಹಿಡಿತದಲ್ಲಿರಬೇಕು, ಟ್ರ್ಯಾಕ್ ಒಳಗೇ ತಿರುವು ಮುಗಿಸಬೇಕು ಅಂತ ಅದರಲ್ಲಿದೆ. ಕಾಪ್ಸ್ ವಿಡಿಯೊವನ್ನು ಇದೇ ಅಳತೆ ಹಿಡಿದು ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಹ್ಯಾಮಿಲ್ಟನ್ ಅಭಿಮಾನಿಯೂ ನೋಡಬಹುದು, ವರ್ಸ್ಟಾಪನ್ ಅಭಿಮಾನಿಯೂ ನೋಡಬಹುದು. ಡಿಕ್ಕಿ ಆಗುವ ಹಿಂದಿನ ಕ್ಷಣಕ್ಕೆ ವಿಡಿಯೊ ನಿಲ್ಲಿಸಿದರೆ ಸಾಕು, ದಂಡಕ್ಕೆ ಬೇಕಾದದ್ದೆಲ್ಲ ಅಲ್ಲೇ ಇದೆ.